ಅನ್‌ಲಿಮಿಟೆಡ್ ಮೀಲ್ಸ್ ಎಂಬ ಒಗಟು

ಕಾಲೇಜು ಗೇಟಿನ ಎದುರಿನ ಹೋಟೆಲಿನ ಬೋರ್ಡನ್ನು ನಾವೆಲ್ಲ ದಿನಾ ಓದ್ತೀವಿ: 'ಅನ್‌ಲಿಮಿಟೆಡ್ ಮೀಲ್ಸ್'. ಹಳೆಯ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಅದನ್ನು ನೋಡಿದರೆ ನಗು ಬರಬಹುದು. 'ಮೀಲ್' ಹುಟ್ಟಿದ್ದು 'ಮ್ಯಾಲ್' ಅನ್ನೋ ಹಳೆಯ ಪದದಿಂದ. ಅದರ ಮೂಲ ಅರ್ಥ ಅಳತೆ. ಅಳತೆ ಹೋಗಿ ಗೊತ್ತುಪಡಿಸಿದ ಹೊತ್ತಾಯ್ತು, ಆಮೇಲೆ ಆ ಹೊತ್ತಿಗೆ ಉಣ್ಣುವ ಊಟವೂ ಆಯ್ತು. 'ಪೀಸ್‌ಮೀಲ್' ಅನ್ನುವಾಗ ಆ ಅಳತೆಯ ಅರ್ಥ ಇನ್ನೂ ಉಳಿದುಕೊಂಡಿದೆ. ಸಂಸ್ಕೃತದ 'ಮಾ' ಧಾತುವಿಗೂ ಇದಕ್ಕೂ ಬೇರು ಒಂದೇ. ಕನ್ನಡಕ್ಕೆ ಬಂದ ಮಾನ, ಪ್ರಮಾಣ, ಮಿತಿ, ಛಂದಸ್ಸಿನ ಮಾತ್ರೆ, ಜ್ವರಕ್ಕೆ ನುಂಗುವ ಮಾತ್ರೆ ಎಲ್ಲ ಆ ಧಾತುವಿನ ಮಕ್ಕಳೇ. ಅಂದರೆ ಬೋರ್ಡಿನಲ್ಲಿ ಇರೋದು 'ಮಿತಿಯಿಲ್ಲದ ಮಿತಿ'!

ಹಳೆಯ ಇಂಗ್ಲಿಷ್ ಅಂದ ತಕ್ಷಣ ಶೇಕ್ಸ್‌ಪಿಯರ್ ನೆನಪಾಗೋದು ಸಹಜ. ಆದರೆ ಅವನು ತೀರಾ ಈಚಿನವನು. ನಾವು ಹೇಳ್ತಿರೋದು 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮುಂಚಿನ ಭಾಷೆ. ಆಗಿನ್ನೂ 'ಮಾಡರೇಷನ್' ಅನ್ನೋ ಪದ ಅಲ್ಲಿಗೆ ಬಂದಿರಲಿಲ್ಲ. (ನಮಗಂತೂ ಆ ಪದ ನೆನಪಾಗೋದು ರಿಸಲ್ಟ್ ದಿನ, ಒಂದೆರಡು ಮಾರ್ಕ್ಸ್ ಕಡಿಮೆ ಬಿದ್ದಾಗ.) ಆಗಿನವರು ಹೇಳುತ್ತಿದ್ದದ್ದು 'ಯೆಮೆಟ್', 'ಮೆಟ್ಗುಂಗ್' ಅಂತ. ಎರಡೂ 'ಮೆಟನ್', ಅಂದರೆ ಅಳೆಯುವುದು, ಅನ್ನೋ ಕ್ರಿಯಾಪದದ ಬಳಗ. ಆಲ್‌ಫ್ರೆಡ್ ರಾಜನ ಹೆಸರಿನಲ್ಲಿ ಉಳಿದಿರುವ ಬೊಯೆಥಿಯಸ್‌ನ ಅನುವಾದದಲ್ಲಿ ವಿವೇಕ, ಧೈರ್ಯ, ನ್ಯಾಯಗಳ ಜೊತೆ ನಾಲ್ಕನೆಯ ಸದ್ಗುಣವಾಗಿ ನಿಂತಿರೋದು ಈ ಮೆಟ್ಗುಂಗ್. ಕವಿಗಳಂತೂ ದೇವರನ್ನೇ 'ಮೆಟೊಡ್' ಅಂದರು, ಅಳೆದು ಕೊಡುವವನು ಅಂತ. ಅಳತೆ ಮೀರಿದ್ದು 'ಉನ್‌ಮ್ಯಾಟೆ'. ನಮ್ಮ 'ಅಮಿತ' ಇದ್ದ ಹಾಗೇ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಪದಗಳಲ್ಲಿ ಎಲ್ಲೂ 'ಕಡಿಮೆ ಮಾಡು' ಅಂತಿಲ್ಲ. ಅಳತೆ ನೋಡು, ಸರಿಯಾದಷ್ಟು ಹಾಕು ಅಂತಷ್ಟೇ ಇದೆ. ಸಾರಿಗೆ ಉಪ್ಪು ಹಾಕಿದ ಹಾಗೆ. ಕಮ್ಮಿಯಾದರೂ ಅಳತೆ ತಪ್ಪಿದಂತೆಯೇ.

ಅಳತೆ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಆ ಭಾಷೆಯಲ್ಲೇ ಒಂದು ದೊಡ್ಡ ಕಥೆ ಇದೆ. 991ರಲ್ಲಿ ಎಸೆಕ್ಸ್‌ನ ಮಾಲ್ಡನ್ ಬಳಿ ವೈಕಿಂಗರು ಬಂದಿಳಿದರು. ನಡುವೆ ನೀರು, ಭರತ ಇಳಿದಾಗ ಮಾತ್ರ ತೆರೆದುಕೊಳ್ಳುವ ಒಂದು ಕಿರುದಾರಿ. ಮೂವರೇ ಮೂವರು ನಿಂತು ಆ ದಾರಿಯನ್ನು ಕಾಯ್ತಿದ್ದರು. 'ನಮ್ಮನ್ನು ದಾಟೋಕೆ ಬಿಡಿ' ಅಂತ ವೈಕಿಂಗರು ಕೇಳಿದರು. ಇಂಗ್ಲಿಷರ ನಾಯಕ ಬಿರ್ಹ್ಟ್‌ನೋತ್ ಬಿಟ್ಟೇಬಿಟ್ಟ. ಯುದ್ಧ ಸೋತ, ಪ್ರಾಣವೂ ಹೋಯ್ತು. ಅವನು ಹಾಗೆ ಮಾಡಿದ್ದಕ್ಕೆ ಕವಿ ಕೊಡುವ ಕಾರಣ ಒಂದೇ ಪದ: 'ಓವೆರ್‌ಮೋಡ್'. 'ಮೋಡ್' ಅಂದರೆ ಮನಸ್ಸು, ಕೆಚ್ಚು. ಇವತ್ತಿನ 'ಮೂಡ್' ಅದೇ. ಕೆಚ್ಚು ಅತಿಯಾದರೆ ಓವೆರ್‌ಮೋಡ್. ಅದು ಬರೀ ಸೊಕ್ಕೋ, ವೀರನಿಗೆ ಒಪ್ಪುವ ಉತ್ಸಾಹವೋ ಅಂತ ವಿದ್ವಾಂಸರು ಇನ್ನೂ ಜಗಳಾಡ್ತಾರೆ. 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ 1953ರಲ್ಲಿ ಆ ಪದದ ಮೇಲೇ ಪ್ರಬಂಧ ಬರೆದರು. ಅವರದು ಸೊಕ್ಕಿನ ಪಕ್ಷ. ನಮಗೂ ಹಾಗೇ ಅನ್ನಿಸುತ್ತೆ. ಧೈರ್ಯ ಅವನಿಗೆ ಬೇಕಾದಷ್ಟಿತ್ತು, ಅಳತೆಗೋಲು ಇರಲಿಲ್ಲ.

ಇನ್ನೊಂದು ಪದ 'ಟೆಂಪ್ರಿಯನ್'. ಲ್ಯಾಟಿನ್‌ನಿಂದ ಆಗಲೇ ಬಂದಿತ್ತು, ಹದ ಮಾಡು ಅಂತ ಅರ್ಥ. ಮೆಕ್ಯಾನಿಕಲ್‌ನವರಿಗೆ ಇದು ಗೊತ್ತು. ಕಾಸಿ ನೀರಿಗೆ ಅದ್ದಿದ ಉಕ್ಕು ಗಟ್ಟಿಯೇನೋ ಆಗುತ್ತೆ, ಆದರೆ ಪೆಟ್ಟು ಬಿದ್ದರೆ ಸೀಳುತ್ತೆ. ಅದನ್ನು ಮತ್ತೆ ಹದವಾಗಿ ಕಾಸೋದೇ ಟೆಂಪರಿಂಗ್. ಅದೇ ಮನೆತನದ 'ಟೆಂಪರೆನ್ಸ್' 19ನೇ ಶತಮಾನದಲ್ಲಿ ಮದ್ಯವಿರೋಧಿ ಚಳವಳಿಯ ಹೆಸರಾಯ್ತು. ಮೊದಮೊದಲು ಕಟು ಮದ್ಯ ಬೇಡ ಅಂತಿದ್ದವರಲ್ಲಿ ಬಹಳ ಮಂದಿ ಬರಬರುತ್ತಾ ಒಂದು ತೊಟ್ಟೂ ಬೇಡ ಅಂದರು. ಹದ ಅನ್ನೋ ಪದ ಸೊನ್ನೆ ಆಗಿಹೋಯ್ತು.

ನಮ್ಮ ರೂಮಿನಲ್ಲಿ ಆದದ್ದೂ ಅದೇ. ಕಳೆದ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ನಾಲ್ವರೂ ಶಪಥ ಮಾಡಿ ಫೋನಿನಿಂದ ಎಲ್ಲ ಆ್ಯಪ್ ಕಿತ್ತು ಹಾಕಿದೆವು. ಮೂರು ದಿನ ಋಷಿಗಳು. ನಾಲ್ಕನೇ ರಾತ್ರಿ ಒಬ್ಬ ಒಂದು ಇನ್‌ಸ್ಟಾಲ್ ಮಾಡಿದ, ಬೆಳಗಿನ ಜಾವ ನಾಲ್ಕಕ್ಕೆ ನಾಲ್ವರೂ ರೀಲ್ಸ್ ನೋಡ್ತಿದ್ದೆವು. ಒಬ್ಬನಿಗೆ ಮಾರನೇ ದಿನದ ಪೇಪರ್ ಹೋಯ್ತು.

ಆ ಬ್ಯಾಕ್‌ಲಾಗ್‌ಗೆ ಓದುವಾಗಲೇ ಕೈಗಾ ಸ್ಥಾವರದ ವಿಷಯ ಬಂತು. ಅಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕ, ಎಲ್ಲದರಲ್ಲೂ ಭಾರಜಲವೇ ಮಾಡರೇಟರ್. 'ಮಾಡರೇಟರ್' ಲ್ಯಾಟಿನ್ ಪದ, ಆದರೆ ಬೇರಿನಲ್ಲಿ ಮೆಟನ್‌ಗೆ ದಾಯಾದಿ. ಮಾಡರೇಟರ್ ಅಂದರೆ ಬ್ರೇಕ್ ಅಂತ ನಾವು ಅಂದುಕೊಂಡಿದ್ದೆವು. ಅಲ್ಲ! ನ್ಯೂಟ್ರಾನ್ ನುಂಗಿ ಕ್ರಿಯೆಯನ್ನು ತಗ್ಗಿಸೋದು ಕಂಟ್ರೋಲ್ ರಾಡ್‌ನ ಕೆಲಸ. ಮಾಡರೇಟರ್ ಮಾಡೋದು, ಓಡುವ ನ್ಯೂಟ್ರಾನಿನ ವೇಗವನ್ನು ಯುರೇನಿಯಂ ಸೀಳೋದಕ್ಕೆ ತಕ್ಕಷ್ಟಕ್ಕೆ ಇಳಿಸೋದು. ಆ ಭಾರಜಲ ತೆಗೆದರೆ ಕ್ರಿಯೆ ಜೋರಾಗಲ್ಲ, ನಿಂತೇಹೋಗುತ್ತೆ.

ಈ ಸಲ ರೂಮಿನಲ್ಲಿ ಶಪಥ ಇಲ್ಲ. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಫೋನು ಅಂತ ಕರಾರು. ಅಳೆಯೋಕೆ ಟೈಮರ್ ಇಟ್ಟಿದ್ದೀವಿ. ಅದೂ ಫೋನಿನಲ್ಲೇ.