ಎಮ್ಮೆಯ ತೇಗಿನ ಲೆಕ್ಕ, ಆ ಲೆಕ್ಕ ತಿದ್ದುವವರ ಕಣ್ಣು

ಬಾಗಲಕೋಟೆ ಜಿಲ್ಲೆಯ ಗುಡೂರಿನ ಕೊಟ್ಟಿಗೆಯೊಂದರಲ್ಲಿ ಜೋಳದ ಕಣಕಿ ತಿಂದು ಮೆಲುಕು ಹಾಕುವ ಹಾಲೆಮ್ಮೆ ವರ್ಷಕ್ಕೆ ಸುಮಾರು 50 ಕಿಲೋ ಮೀಥೇನ್ ಹೊರಬಿಡುತ್ತದೆ ಎಂಬುದು ನಮ್ಮ ದೇಶದ ವಿಜ್ಞಾನಿಗಳು ಬಳಸುವ ಸರಾಸರಿ. ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಕಣಕಿಯ ನಾರನ್ನು ಕೊಳೆಯಿಸುವಾಗ ಹುಟ್ಟುವ ಅನಿಲ ಇದು. ಬಹುಪಾಲು ತೇಗಿನ ಜೊತೆ ಬಾಯಿಂದಲೇ ಹೊರಬೀಳುತ್ತದೆ. ನೂರು ವರ್ಷದ ಅವಧಿಯಲ್ಲಿ ಒಂದು ಕಿಲೋ ಮೀಥೇನ್ 28 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಕಾವು ಹಿಡಿದಿಡುತ್ತದೆ. ಹಾಗಾಗಿ ಆ ಒಂದು ಎಮ್ಮೆಯ ಹೆಸರಿಗೆ ವರ್ಷಕ್ಕೆ 1,400 ಕಿಲೋ ಬರೆದುಕೊಳ್ಳಬೇಕು.

ಹೀಗೆ ಬರೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ? 2024ರ ಡಿಸೆಂಬರ್ ಕೊನೆಯಲ್ಲಿ ಭಾರತ ಸರ್ಕಾರ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯ ಕಚೇರಿಗೆ ತನ್ನ ನಾಲ್ಕನೆಯ ದ್ವೈವಾರ್ಷಿಕ ವರದಿ ಸಲ್ಲಿಸಿತು. 2020ನೇ ವರ್ಷದಲ್ಲಿ ದೇಶ ಹೊರಬಿಟ್ಟ ಹಸಿರುಮನೆ ಅನಿಲ, ಕಾಡು ಮತ್ತು ಭೂಬಳಕೆಯನ್ನು ಬಿಟ್ಟು, 295.9 ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ ಎಂದು ಅದರಲ್ಲಿದೆ. ಶೇಕಡ 75.66 ಇಂಧನದ್ದು, 13.72 ಕೃಷಿಯದ್ದು. ಇಳಕಲ್ ತಾಲ್ಲೂಕಿನ ಎಮ್ಮೆ, ಆಕಳು, ಕುರಿಗಳೆಲ್ಲ ಆ 13.72ರ ಒಳಗಿವೆ. ಗುಡೂರಿನ ಕೊಟ್ಟಿಗೆಯಿಂದ ಜರ್ಮನಿಯ ಬಾನ್ ನಗರದ ಕಚೇರಿಯವರೆಗೆ ಹೋಗುವ ಅಂಕಿ ದಾರಿಯಲ್ಲಿ ಕೆಡದಂತೆ ಕಾಯುವ ಜನರಿದ್ದಾರೆ. ಅವರ ಕಸುಬನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಆಸೆ. ಅವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಬರೀ ಒಟ್ಟು ಮೊತ್ತ ಬರುತ್ತದೆ.

ಲೆಕ್ಕದ ಸೂತ್ರ ಕೇಳಿದರೆ ಇಷ್ಟೇನಾ ಅನಿಸುತ್ತದೆ: ಎಷ್ಟು ತಲೆ, ತಲೆಗೆ ಎಷ್ಟು ಕಿಲೋ, ಎರಡನ್ನೂ ಗುಣಿಸಿ. ತಜ್ಞರು ಮೊದಲನೆಯದನ್ನು ಚಟುವಟಿಕೆಯ ದತ್ತಾಂಶ ಎಂದೂ ಎರಡನೆಯದನ್ನು ಹೊರಸೂಸುವಿಕೆ ಗುಣಾಂಕ ಎಂದೂ ಕರೆಯುತ್ತಾರೆ. ಕಷ್ಟವೆಲ್ಲ ಈ ಎರಡು ಅಂಕಿಗಳನ್ನು ನಂಬಬಹುದೇ ಎಂಬಲ್ಲಿದೆ.

ತಲೆ ಎಣಿಕೆ ಬರುವುದು ಜಾನುವಾರು ಗಣತಿಯಿಂದ. 1919ರಿಂದ ನಡೆದುಬಂದ ಗಣತಿ ಇದು. 2019ರ ಇಪ್ಪತ್ತನೆಯ ಗಣತಿಯಲ್ಲಿ ದೇಶದಲ್ಲಿ 10.98 ಕೋಟಿ ಎಮ್ಮೆ–ಕೋಣ, 7.42 ಕೋಟಿ ಕುರಿ ಸಿಕ್ಕವು. ಕರ್ನಾಟಕದ ಕುರಿಗಳೇ ಸುಮಾರು 1.1 ಕೋಟಿ. ಈಗ ನಮ್ಮ ಭಾಗದ ಕುರಿಗಾರರನ್ನು ನೆನೆಸಿಕೊಳ್ಳಿ. ಗುಡೂರು, ಅಮೀನಗಡ, ಹುನಗುಂದದ ಕಡೆಯ ಹಿಂಡುಗಳು ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಊರು ಬಿಟ್ಟು ಹೋಗುತ್ತವೆ. ಗಣತಿದಾರ ಮನೆಗೆ ಬಂದಾಗ ಹಿಂಡು ಬೇರೆ ಜಿಲ್ಲೆಯ ಹೊಲದಲ್ಲಿ ತಂಗಿರುತ್ತದೆ. ಊರಲ್ಲಿ ಇಲ್ಲವೆಂದು ಬಿಟ್ಟರೆ ಲೆಕ್ಕ ಕಡಿಮೆಯಾಯಿತು. ಅಲ್ಲಿಯೂ ಎಣಿಸಿ, ಇಲ್ಲಿ ಮನೆಯವರು ಹೇಳಿದ್ದನ್ನೂ ಬರೆದುಕೊಂಡರೆ ಎರಡು ಸಲ ಆಯಿತು. 2024ರ ಅಕ್ಟೋಬರಿನಲ್ಲಿ ಶುರುವಾದ ಇಪ್ಪತ್ತೊಂದನೆಯ ಗಣತಿಯಲ್ಲಿ ಅಲೆಮಾರಿ ಪಶುಪಾಲಕರ ಮಾಹಿತಿಯನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಕೇಳಿದ್ದು ಅದಕ್ಕೇ ದೊಡ್ಡ ಸುಧಾರಣೆ ಎನ್ನಬೇಕು. ಇನ್ನೊಂದು ತೊಡಕು: ಗಣತಿಗಳ ನಡುವೆ ವರ್ಷಗಳ ಅಂತರವಿದೆ, ವರದಿಗೆ ಪ್ರತಿ ವರ್ಷದ ಅಂಕಿ ಬೇಕು. 2012 ಮತ್ತು 2019ರ ಗಣತಿಗಳ ನಡುವಿನ ವರ್ಷಗಳನ್ನು ಲೆಕ್ಕ ಹಾಕಿ ತುಂಬಬೇಕಾಗುತ್ತದೆ. ಹಾಗೆ ತುಂಬಿದ ಅಂಕಿಗೆ ಇದು ಎಣಿಸಿದ್ದಲ್ಲ, ಅಂದಾಜಿಸಿದ್ದು ಎಂಬ ಗುರುತನ್ನು ಬಿಡದೆ ಹಾಕುವುದು ಈ ಕಸುಬಿನ ಮೊದಲ ಶಿಸ್ತು.

ತಲೆಗೆ ಎಷ್ಟು ಕಿಲೋ ಎಂಬುದು ಇನ್ನೂ ಸೂಕ್ಷ್ಮ. ಸ್ವಂತ ಅಳತೆ ಇಲ್ಲದ ದೇಶಗಳಿಗಾಗಿ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿ ಸಿದ್ಧ ಗುಣಾಂಕಗಳನ್ನು ಕೊಟ್ಟಿದೆ. ಅದರ 2006ರ ಮಾರ್ಗಸೂಚಿಯ ಪ್ರಕಾರ ಭಾರತ ಉಪಖಂಡದ ಹಾಲಿನ ಆಕಳಿಗೆ ವರ್ಷಕ್ಕೆ 58 ಕಿಲೋ ಮೀಥೇನ್. ನಮ್ಮ ವಿಜ್ಞಾನಿಗಳು 2007ನೇ ವರ್ಷದ ರಾಷ್ಟ್ರೀಯ ಲೆಕ್ಕಕ್ಕೆ ಬಳಸಿದ ಅಂಕಿ ಜವಾರಿ ಆಕಳಿಗೆ 28, ಮಿಶ್ರತಳಿಗೆ 43. ಸಣ್ಣ ಮೈಯ, ಕಡಿಮೆ ತಿನ್ನುವ ಜವಾರಿ ಆಕಳನ್ನು 58ರ ಸಾಲಿಗೆ ಸೇರಿಸಿದರೆ ಅದರ ಮೇಲೆ ಎರಡರಷ್ಟು ಹೊರೆ ಹೊರಿಸಿದಂತೆ. ಆದರೆ ಪರಿಶೀಲಕ ಇಲ್ಲಿಯೇ ಎಚ್ಚರವಾಗಿರಬೇಕು. ನಮ್ಮ ಅಂಕಿ ಕಡಿಮೆ, ಆದ್ದರಿಂದ ಒಳ್ಳೆಯದು ಎಂದು ಒಪ್ಪುವಂತಿಲ್ಲ. ಯಾವ ರಾಸುಗಳ ಮೇಲೆ ಅಳೆದರು, ಏನು ಮೇವು ಕೊಟ್ಟಿದ್ದರು, ಯಾವ ವಿಧಾನ, ಬೇರೆ ವಿಜ್ಞಾನಿಗಳು ಪರೀಕ್ಷಿಸಿ ಪ್ರಕಟವಾದ ಅಧ್ಯಯನವೇ ಎಂದು ಕೇಳಬೇಕು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇಂಥ ಕೆಲಸವನ್ನೇ ಮೈಮೇಲೆ ಹಾಕಿಕೊಂಡಿದೆ. ರಾಸುವಿನ ಹೊಟ್ಟೆಯಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವನ್ನು ತಿಳಿದ ವೇಗದಲ್ಲಿ ಸೋರಿಬಿಡುವ ಸಣ್ಣ ಕೊಳವೆ ಇಟ್ಟು, ಮೂತಿಯ ಬಳಿ ಉಸಿರನ್ನು ಡಬ್ಬಿಗೆ ಹಿಡಿದು, ಎರಡು ಅನಿಲಗಳ ಪ್ರಮಾಣ ಹೋಲಿಸಿ ಮೀಥೇನ್ ಕಂಡುಹಿಡಿಯುವ ವಿಧಾನವಿದೆ. ರಾಸು ತನ್ನ ಪಾಡಿಗೆ ಮೇಯುತ್ತಿರುವಾಗಲೇ ಅಳೆಯಬಹುದಾದ ಇಂಥ ಉಪಾಯ ಕಂಡವರ ಜಾಣ್ಮೆಗೆ ಮನಸ್ಸು ಮಣಿಯುತ್ತದೆ.

ಸ್ವಂತ ಅಳತೆ ಎಷ್ಟು ಮುಖ್ಯ ಎಂಬುದನ್ನು ಭಾರತ ಭತ್ತದ ಗದ್ದೆಯಲ್ಲಿ ಕಲಿಯಿತು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು ನಮ್ಮ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.78 ಕೋಟಿ ಟನ್ ಮೀಥೇನ್ ಬರುತ್ತದೆ ಎಂದಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ಮುಂದಾಳತ್ವದಲ್ಲಿ 1991ರಲ್ಲಿ ಬೇರೆ ಬೇರೆ ರಾಜ್ಯಗಳ ಗದ್ದೆಗಳಿಗಿಳಿದು ಅಳೆದಾಗ ಬಂದದ್ದು ಸುಮಾರು 40 ಲಕ್ಷ ಟನ್, ಹತ್ತರಲ್ಲಿ ಒಂದು ಪಾಲು. ಬೇರೆ ನಾಡಿನ ಗದ್ದೆಯ ಅಳತೆಯನ್ನು ನಮ್ಮ ಮಣ್ಣಿಗೆ ಹಚ್ಚಿದ್ದರ ಫಲ ಅದು. ಆ ವರ್ಷ ಗದ್ದೆಯ ಕೆಸರಿನಲ್ಲಿ ನಿಂತು ಗಾಳಿ ಹಿಡಿದವರಿಗೆ ದೇಶ ಋಣಿಯಾಗಿರಬೇಕು.

ಇನ್ನು ಮೇಜಿನ ಕೆಲಸ. ಅಂಕಿಯನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಇಳಿಸುವಾಗ ಸೊನ್ನೆ ಜಾರಬಹುದು, ಸಾಲು ತಪ್ಪಬಹುದು, ಟನ್ ಇದ್ದಲ್ಲಿ ಸಾವಿರ ಟನ್ ಎಂದಾಗಬಹುದು. ಇದನ್ನು ಹಿಡಿಯಲು ಒಂದು ಸರಳ, ಸೊಗಸಾದ ಉಪಾಯವಿದೆ: ಉತ್ತರದಿಂದ ಹಿಂದಕ್ಕೆ ನಡೆಯುವುದು. ದೇಶದ 7.42 ಕೋಟಿ ಕುರಿಗಳಿಗೆ ತಲೆಗೆ 4 ಕಿಲೋದಂತೆ ಸುಮಾರು 2.97 ಲಕ್ಷ ಟನ್ ಮೀಥೇನ್ ಬರಬೇಕು. ವರದಿಯಲ್ಲಿ 29.7 ಲಕ್ಷ ಎಂದು ಬಿದ್ದಿದ್ದರೆ ಅಷ್ಟು ದೊಡ್ಡ ಅಂಕಿಯಲ್ಲಿ ಒಂದು ಚುಕ್ಕಿ ಸರಿದದ್ದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕುರಿಗಳ ಸಂಖ್ಯೆಯಿಂದ ಭಾಗಿಸಿ ನೋಡಿ, ಕುರಿಯೊಂದಕ್ಕೆ 40 ಕಿಲೋ ಬರುತ್ತದೆ. ಹೆಚ್ಚುಕಡಿಮೆ ಎಮ್ಮೆಯಷ್ಟು! ಕುರಿ ಸಾಕಿದ ಯಾರೇ ಆದರೂ ಇದು ಸುಳ್ಳೆಂದು ಕೂಡಲೇ ಹೇಳಿಯಾರು. ಕೋಟಿಗಳ ಮೊತ್ತವನ್ನು ಮತ್ತೆ ಒಂದು ಕುರಿಗೆ ಇಳಿಸಿ, ಕುರಿ ಬಲ್ಲವರ ಮುಂದೆ ನಿಲ್ಲಿಸುವ ಈ ಪರೀಕ್ಷೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದೆ.

ಒಂದೇ ವಸ್ತು ಎರಡು ಕಡೆ ಸೇರದಂತೆ, ಎಲ್ಲಿಯೂ ಸೇರದೆ ಹೋಗದಂತೆ ನೋಡುವುದು ಮತ್ತೊಂದು ಪಾಠ. ಎಮ್ಮೆಯ ಸಗಣಿಯನ್ನೇ ತೆಗೆದುಕೊಳ್ಳಿ. ಕುಳ್ಳು ತಟ್ಟಿ ಒಲೆಗೆ ಹಾಕಿದ್ದು ಇಂಧನದ ಲೆಕ್ಕಕ್ಕೆ ಹೋಗುತ್ತದೆ. ತಿಪ್ಪೆಗೆ ಬಿದ್ದದ್ದು ಗೊಬ್ಬರ ನಿರ್ವಹಣೆಗೆ, ಹೊಲಕ್ಕೆ ಸೇರಿ ನೈಟ್ರಸ್ ಆಕ್ಸೈಡ್ ಆದದ್ದು ಮಣ್ಣಿನ ಲೆಕ್ಕಕ್ಕೆ. ಈ ಪಾಲುಗಳನ್ನು ಕೂಡಿದರೆ ನೂರಕ್ಕೆ ನೂರು ಬರಬೇಕು. ತೇಗಿಗೆ ಬಳಸಿದ ಎಮ್ಮೆಗಳ ಸಂಖ್ಯೆಯೂ ಸಗಣಿಗೆ ಬಳಸಿದ ಸಂಖ್ಯೆಯೂ ಒಂದೇ ಇರಬೇಕು. ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳಲ್ಲೂ ಇದೇ ಸೀಳು: ಗೂಡಿನಲ್ಲಿ ಉರಿದ ಕಲ್ಲಿದ್ದಲು ಇಂಧನದ ಬಾಬ್ತು, ಸುಣ್ಣದ ಕಲ್ಲು ಕಾದು ಬಿಟ್ಟ ಅನಿಲ ಕೈಗಾರಿಕೆಯ ಬಾಬ್ತು. ಅಲ್ಲಿ ಎಣಿಸಬೇಕಾದದ್ದು ಸಿಮೆಂಟಿನ ಚೀಲಗಳನ್ನಲ್ಲ, ಗೂಡಿನಿಂದ ಹೊರಬರುವ ಕ್ಲಿಂಕರ್ ಎಂಬ ಗಟ್ಟಿಯನ್ನು. ಏಕೆಂದರೆ ಚೀಲದಲ್ಲಿ ಹಾರುಬೂದಿಯೂ ಬೆರೆತಿರುತ್ತದೆ. ಸಕ್ಕರೆ ಕಾರ್ಖಾನೆ ಉರಿಸುವ ಕಬ್ಬಿನ ಸಿಪ್ಪೆಯ ಕಾರ್ಬನ್ ಡೈಆಕ್ಸೈಡನ್ನು ದೇಶದ ಮೊತ್ತಕ್ಕೆ ಕೂಡದೆ ಬೇರೆಯಾಗಿ ಬರೆದಿಡುತ್ತಾರೆ.

ಕಲ್ಲಿದ್ದಲಿನ ಮಾತು ಬಂತು. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರವಿದೆ. ದೇಶದ ಇಂಥ ಸ್ಥಾವರಗಳೆಲ್ಲ ಉರಿಸಿದ ಕಲ್ಲಿದ್ದಲನ್ನು ಒಂದೊಂದಾಗಿ ಕೂಡುವುದು ಒಂದು ದಾರಿ. ಗಣಿಯಿಂದ ಬಂದದ್ದು, ಆಮದಾದದ್ದು, ದಾಸ್ತಾನಿನಲ್ಲಿ ಉಳಿದದ್ದನ್ನು ಹಿಡಿದು ಮೇಲಿನಿಂದ ಲೆಕ್ಕ ಹಾಕುವುದು ಇನ್ನೊಂದು. ಎರಡೂ ದಾರಿಯಲ್ಲಿ ನಡೆದು, ಉತ್ತರಗಳ ನಡುವೆ ಶೇಕಡ 5ಕ್ಕಿಂತ ಹೆಚ್ಚು ಅಂತರ ಬಂದರೆ ಕಾರಣ ಹುಡುಕಿ ಬರೆಯಬೇಕು.

ಎಷ್ಟು ಜೋಪಾನ ಮಾಡಿದರೂ ಅನಿಶ್ಚಿತತೆ ಉಳಿಯುತ್ತದೆ, ಅದನ್ನು ಅಂಕಿಯ ಪಕ್ಕದಲ್ಲಿಯೇ ಬರೆಯುತ್ತಾರೆ. ಹಾಲೆಮ್ಮೆಯ 50 ಕಿಲೋ ಎಂದರೆ 17 ಹೆಚ್ಚು ಅಥವಾ ಕಡಿಮೆ, ಅಂದರೆ ಶೇಕಡ 34ರಷ್ಟು. ತಲೆ ಎಣಿಕೆಯಲ್ಲಿ ಶೇಕಡ 5ರ ತಪ್ಪಿದೆ ಎಂದಿಟ್ಟುಕೊಳ್ಳೋಣ. ಎರಡರ ವರ್ಗಗಳನ್ನೂ ಕೂಡಿ ವರ್ಗಮೂಲ ತೆಗೆದರೆ ಒಟ್ಟು ಶೇಕಡ 34.4. ಎಣಿಕೆಯನ್ನು ಒಂದೂ ತಪ್ಪಿಲ್ಲದಂತೆ ಮಾಡಿದರೂ ಇಳಿಯುವುದು 34ಕ್ಕೆ ಮಾತ್ರ. ಹಾಗಾದರೆ ಎಮ್ಮೆಯ ವಿಷಯದಲ್ಲಿ ಮುಂದಿನ ಹಣ, ಮುಂದಿನ ಶ್ರಮ ಮೇವು ಮತ್ತು ಉಸಿರಿನ ಅಳತೆಗೆ ಹೋಗಬೇಕು. ಎಲ್ಲಿ ಕೆಲಸ ಮಾಡಬೇಕು ಎಂಬುದನ್ನು ಅನಿಶ್ಚಿತತೆಯೇ ತೋರಿಸಿಕೊಡುತ್ತದೆ.

ಗುಡೂರು–ಇಳಕಲ್ಲಿನ ನೇಕಾರರಿಗೆ ಚೆನ್ನಾಗಿ ಅರ್ಥವಾಗುವ ಕೆಲಸವೊಂದು ಇದರಲ್ಲಿದೆ. ಸೆರಗಿನ ರೇಷ್ಮೆ ಹಾಸನ್ನೂ ಒಡಲಿನ ಹಾಸನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರಲ್ಲ, ವರ್ಷಗಳ ಅಂಕಿಗಳಿಗೂ ಹಾಗೆ ಕೊಂಡಿ ಹಾಕಬೇಕು. ಭಾರತದ ಲೆಕ್ಕಪತ್ರ 1994ನೇ ವರ್ಷದಿಂದ ಆರಂಭವಾಗಿ 2000, 2007, 2010, 2014, 2016, 2019 ದಾಟಿ 2020ಕ್ಕೆ ಬಂದಿದೆ. ನಡುವೆ ಮಾರ್ಗಸೂಚಿ ಬದಲಾಗಿದೆ, ಗುಣಾಂಕ ಬದಲಾಗಿದೆ. ಮೊದಲ ವರದಿಗಳಲ್ಲಿ ಮೀಥೇನನ್ನು 21ರಿಂದ ಗುಣಿಸುತ್ತಿದ್ದರು, ಪ್ಯಾರಿಸ್ ಒಪ್ಪಂದದ ನಿಯಮಾವಳಿ 28 ಎನ್ನುತ್ತದೆ. ಹಳೆಯ ವರ್ಷವನ್ನು 21ರಲ್ಲಿಯೇ ಬಿಟ್ಟು ಹೊಸದನ್ನು 28ರಲ್ಲಿ ಇಟ್ಟರೆ, ಒಂದು ಎಮ್ಮೆಯೂ ಹೆಚ್ಚದಿದ್ದರೂ ಅನಿಲ ಮೂರನೇ ಒಂದು ಪಾಲು ಏರಿದಂತೆ ಕಾಣುತ್ತದೆ. ಆದ್ದರಿಂದ ಹಿಂದಿನ ವರ್ಷಗಳನ್ನೂ ಹೊಸ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಬೇಕು. ಹಳೆಯ ಮಾಹಿತಿ ಸಿಗದಿದ್ದರೆ ಎರಡೂ ವಿಧಾನ ನಡೆದ ಕೆಲವು ವರ್ಷಗಳನ್ನು ಹಿಡಿದು ಒಂದನ್ನು ಇನ್ನೊಂದಕ್ಕೆ ಹೊಂದಿಸಬೇಕು. ಹೀಗೆ ಹಿಂದಕ್ಕೆ ಹೋಗಬೇಕಾದರೆ ಪ್ರತಿ ಅಂಕಿಯ ಮೂಲ, ಪ್ರತಿ ತೀರ್ಮಾನದ ಕಾರಣ ಕಡತದಲ್ಲಿ ಇರಬೇಕು. ಪಾರದರ್ಶಕತೆ, ನಿಖರತೆ, ಸಂಪೂರ್ಣತೆ, ಸುಸಂಗತಿ, ದೇಶದೇಶಗಳ ನಡುವೆ ಹೋಲಿಸಲು ಬರುವುದು ಎಂದು ಐದು ಗುಣಗಳನ್ನು ಹೇಳುತ್ತಾರೆ. ನನ್ನ ಮಟ್ಟಿಗೆ ಪಾರದರ್ಶಕತೆಯೇ ಮೊದಲು. ಬಂದ ದಾರಿ ಕಾಣುತ್ತಿದ್ದರೆ ತಪ್ಪಿದ್ದನ್ನು ಯಾರಾದರೂ ತಿದ್ದಿಯಾರು.

ಮಾಡಿದವರೇ ನೋಡಿದರೆ ಸಾಲದು. ಲೆಕ್ಕದಲ್ಲಿ ಕೈಯಿಡದ ತಜ್ಞರು ಹೊರಗಿನಿಂದ ಬಂದು ಪರಿಶೀಲಿಸಬೇಕು ಎಂಬುದೂ ನಿಯಮ. ಅವರಿಗಿಂತ ದೊಡ್ಡ ಪರೀಕ್ಷಕ ಆಕಾಶ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು ನೆಲದ ಕೇಂದ್ರ, ವಿಮಾನ, ಉಪಗ್ರಹಗಳು ಗಾಳಿಯಲ್ಲಿ ಅಳೆದ ಮೀಥೇನಿನಿಂದ ಹಿಂದಕ್ಕೆ ಲೆಕ್ಕ ಹಾಕಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. 2010ರಿಂದ 2015ರವರೆಗೆ ಭಾರತದ ಮೀಥೇನ್ ವರ್ಷಕ್ಕೆ ಸರಾಸರಿ 2.2 ಕೋಟಿ ಟನ್, ಹೇಳಿಕೊಳ್ಳುವಂಥ ಏರಿಕೆ ಇಲ್ಲ, ದೇಶ ತಾನೇ ಕೊಟ್ಟ ಲೆಕ್ಕಕ್ಕೆ ಅದು ಹೊಂದುತ್ತದೆ ಎಂಬುದು ಅವರ ತೀರ್ಮಾನ. ಕೊಟ್ಟಿಗೆ ಕೊಟ್ಟಿಗೆ ತಿರುಗಿ ಎಣಿಸಿದ್ದೂ ಗಾಳಿ ಹೇಳಿದ್ದೂ ಒಂದಕ್ಕೊಂದು ಹತ್ತಿರ ಬಂದವು.

ಮುಂದಿನ ಸಲ ಗಣತಿದಾರರು ಬಾಗಿಲಿಗೆ ಬಂದಾಗ ಅವಸರದಲ್ಲಿ ಕಳಿಸಬೇಡಿ. ಜವಾರಿ ಎಷ್ಟು, ಮಿಶ್ರತಳಿ ಎಷ್ಟು, ಕರುಗಳ ವಯಸ್ಸೆಷ್ಟು, ಮೇಯಲು ದೂರ ಹೋಗಿರುವ ಹಿಂಡಿನಲ್ಲಿ ಕುರಿ ಎಷ್ಟು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ ಬರೆಸಿ.