ನೂರು ತುಂಬುವ ತನಕ ಕಾಯಬೇಕೇ?

ಒಂದು ಕಟ್ಟಡ ಯಾವಾಗ ‘ಹಳೇದು’ ಆಗುತ್ತೆ? ಮನೆಯಲ್ಲಿ ಕೇಳಿದರೆ ಸೋರೋಕೆ ಶುರುವಾದಾಗ ಅಂತಾರೆ. ಕಾನೂನನ್ನು ಕೇಳಿದರೆ ನೂರು ವರ್ಷ ತುಂಬಿದಾಗ ಅನ್ನುತ್ತದೆ. ಈ ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡಿರುವ ಕಟ್ಟಡಗಳು ನಮ್ಮ ಸುತ್ತ ಬೇಕಾದಷ್ಟಿವೆ. ಅದರಲ್ಲೂ ದೇವರಿಗಾಗಿ ಕಟ್ಟಿದ, ತೀರಾ ಹಳೆಯದೂ ಅಲ್ಲದ, ಹೊಸದೂ ಅಲ್ಲದ ಕಟ್ಟಡಗಳ ಪಾಡು ಇನ್ನೂ ವಿಚಿತ್ರ. ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ಹಿಡಿದುಕೊಂಡೇ ಇದನ್ನು ನೋಡೋಣ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್.

ನಾನು ಚಾಮರಾಜನಗರ ತಾಲ್ಲೂಕಿನ ಕುದೇರಿನವನು. ಈಗ ಊರಿನ ಹೆಸರು ಹೇಳಿದರೆ ಜನ ‘ಓ, ಚಾಮುಲ್ ಡೇರಿ ಇರೋ ಕುದೇರಾ?’ ಅಂತಾರೆ. ಚಿಕ್ಕವನಿದ್ದಾಗ ಮೈಸೂರು ಅಂದರೆ ನಮಗೆ ಅರಮನೆ, ಝೂ, ಬೆಟ್ಟ, ಆಮೇಲೆ ಈ ಚರ್ಚು. ನಮ್ಮಜ್ಜಿ ಎಂದೂ ಅದರ ಹೆಸರನ್ನು ಪೂರ್ತಿ ಹೇಳಿದ್ದಿಲ್ಲ. ‘ಆ ಜೋಡಿ ಗೋಪುರದ ಗುಡಿ’ ಅನ್ನೋರು. ಒಳಗೆ ಹೋದರೆ ಚಪ್ಪಲಿ ಬಿಟ್ಟು, ಕೈ ಮುಗಿದು, ಸುಮ್ಮನೆ ಕೂತು ಬರೋರು. ‘ಯಾವ ದೇವ್ರಾದ್ರೇನು ಕೂಸು, ತಣ್ಣಗದ’ ಅನ್ನೋದು ಅವರ ವಿಮರ್ಶೆ. ಆ ಕಟ್ಟಡ ಅವರಿಗಿಂತ ಹೆಚ್ಚೇನೂ ಹಿರಿಯದಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಹೌದು, ನೋಡಿದರೆ ಐನೂರು ವರ್ಷದ್ದು ಅನ್ನಿಸುವ ಈ ಚರ್ಚಿನ ಅಡಿಗಲ್ಲು ಬಿದ್ದಿದ್ದು 1933ರ ಅಕ್ಟೋಬರ್ 28ರಂದು. ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದಕ್ಕೂ ಮುಂಚೆ, 1843ರಲ್ಲಿ, ಅದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಚಿಕ್ಕ ಚರ್ಚು ಕಟ್ಟಿಸಿಕೊಟ್ಟಿದ್ದರು. ಚಾಮರಾಜನಗರದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಪಟ್ಟಣದ ಚಾಮರಾಜೇಶ್ವರ ದೇವಸ್ಥಾನವನ್ನು 1826ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದವರೂ ಇದೇ ಮುಮ್ಮಡಿಯವರು. ಅರಿಕುಠಾರ ಅಂತಿದ್ದ ಊರಿಗೆ ಚಾಮರಾಜನಗರ ಅನ್ನೋ ಹೆಸರು ಬಂದಿದ್ದೂ ಆ ತಂದೆಯಿಂದಲೇ. ಹದಿನೇಳು ವರ್ಷದ ಅಂತರದಲ್ಲಿ ಒಬ್ಬರೇ ಅರಸರ ಕೈಯಿಂದ ಒಂದು ಶಿವಾಲಯ, ಒಂದು ಚರ್ಚು.

ಇಪ್ಪತ್ತನೇ ಶತಮಾನದಲ್ಲಿ ಜನ ಹೆಚ್ಚಾದರು, ಹಳೆ ಚರ್ಚು ಸಾಲದಾಯಿತು. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು ಸಂತ ಫಿಲೋಮಿನಾರ ಪವಿತ್ರ ಅವಶೇಷವೊಂದನ್ನು 1926ರಲ್ಲಿ ತರಿಸಿಕೊಂಡರು. ಅದನ್ನಿಡಲು ಒಂದು ದೊಡ್ಡ ಚರ್ಚು ಬೇಕೆಂಬ ಆಸೆ ಅಲ್ಲಿಂದ ಬೆಳೆಯಿತು. ನಕ್ಷೆ ಹಾಕಿದವರು ಡಾಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ. ಮಾದರಿ ಜರ್ಮನಿಯ ಕಲೋನ್ ಕೆಥೆಡ್ರಲ್. ನೆಲದ ನಕ್ಷೆ ಶಿಲುಬೆಯಾಕಾರ, ಎರಡು ಗೋಪುರಗಳ ಎತ್ತರ 175 ಅಡಿ, ಕಿಟಕಿಗಳಲ್ಲಿ ಬಣ್ಣದ ಗಾಜಿನ ಚಿತ್ರಗಳು, ನೆಲಮಾಳಿಗೆಯಲ್ಲಿ ಮಲಗಿರುವ ಫಿಲೋಮಿನಾ ವಿಗ್ರಹ.

ತಮಾಷೆ ಏನಂದ್ರೆ, ಮೂಲ ಮಾದರಿಯಾದ ಕಲೋನ್ ಕೆಥೆಡ್ರಲ್ ಶುರುವಾಗಿದ್ದು 1248ರಲ್ಲಿ, ಮುಗಿದಿದ್ದು 1880ರಲ್ಲಿ. ಆರುನೂರು ವರ್ಷ ದಾಟಿದ ಪ್ರಾಜೆಕ್ಟು! ನಮ್ಮ ಆಫೀಸಿನಲ್ಲಿ ಮೂರು ತಿಂಗಳು ತಡವಾದರೆ ಮ್ಯಾನೇಜರು ತಲೆ ತಿಂತಾರೆ.

ಈಗ ಪ್ರಶ್ನೆಗೆ ಬರೋಣ. ಇಂಥದ್ದೊಂದು ಕಟ್ಟಡವನ್ನು ‘ಸಂರಕ್ಷಿತ ಸ್ಮಾರಕ’ ಅಂತ ಸರ್ಕಾರ ಘೋಷಿಸಬೇಕಾದರೆ ಏನು ಬೇಕು? ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ನಮ್ಮ ರಾಜ್ಯದ 1961ರ ಕಾಯ್ದೆ, ಎರಡೂ ಮೊದಲು ನೋಡೋದು ವಯಸ್ಸನ್ನು. ಕನಿಷ್ಠ ನೂರು ವರ್ಷ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದೊಂದು ‘ಇಫ್ ಕಂಡೀಷನ್’. ವಯಸ್ಸು ನೂರಕ್ಕಿಂತ ಕಮ್ಮಿ ಇದ್ದರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ. ಕಟ್ಟಡ ಚೆನ್ನಾಗಿದೆಯೋ, ಅಪರೂಪದ್ದೋ, ಜನರ ಬದುಕಿಗೆ ಅಂಟಿಕೊಂಡಿದೆಯೋ ಅನ್ನುವ ಮುಂದಿನ ಸಾಲುಗಳಿಗೆ ಹೋಗೋದೇ ಇಲ್ಲ. ಅಡಿಗಲ್ಲಿನ ಲೆಕ್ಕ ಹಿಡಿದರೂ ಫಿಲೋಮಿನಾ ಚರ್ಚಿಗೆ ನೂರು ತುಂಬುವುದು 2033ಕ್ಕೆ.

ಬೇರೆ ಕಡೆ ಈ ಸಂಖ್ಯೆ ಬೇರೆ. ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸಾಮಾನ್ಯವಾಗಿ 50 ವರ್ಷ, ಇಂಗ್ಲೆಂಡಿನಲ್ಲಿ 30. ಎರಡೂ ಕಡೆ ತೀರಾ ವಿಶೇಷ ಅನ್ನಿಸಿದರೆ ಅದಕ್ಕೂ ಮುಂಚೆಯೇ ಸೇರಿಸಲು ದಾರಿ ಇದೆ. ಲಿವರ್‌ಪೂಲ್‌ನಲ್ಲಿ ಕಿರೀಟದಂತೆ ಕಾಣುವ ಕಾಂಕ್ರೀಟಿನ ಕ್ಯಾಥೊಲಿಕ್ ಕೆಥೆಡ್ರಲ್ 1967ರಲ್ಲಿ ಮುಗಿಯಿತು, 1994ರಲ್ಲಿ ಪಟ್ಟಿ ಸೇರಿತು. ಫ್ರಾನ್ಸಿನ ರೋಂಶಾಂ ಎಂಬ ಊರಿನ ಗುಡ್ಡದ ಮೇಲೆ ಲೆ ಕಾರ್ಬೂಸಿಯೆ ಕಟ್ಟಿದ ಪ್ರಾರ್ಥನಾ ಮಂದಿರ ಇನ್ನೂ ಒಳ್ಳೆ ಉದಾಹರಣೆ. ಯುದ್ಧದಲ್ಲಿ ಹಳೆ ಗುಡಿ ನಾಶವಾಗಿತ್ತು. ಅದರ ಕಲ್ಲುಗಳನ್ನೇ ಗೋಡೆಯೊಳಗೆ ಸೇರಿಸಿ 1955ರಲ್ಲಿ ಹೊಸದನ್ನು ಮುಗಿಸಿದರು. ಬಾಗಿದ ದಪ್ಪ ಗೋಡೆ, ಮೇಲೆ ಏಡಿಯ ಚಿಪ್ಪಿನಂಥ ಮಾಡು. ಆದರೂ 1960ರ ದಶಕದಲ್ಲೇ ಅದಕ್ಕೆ ಸರ್ಕಾರದ ರಕ್ಷಣೆ ಸಿಕ್ಕಿತು. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ಪಟ್ಟಿಯಲ್ಲಿ, ಅದೇ ವಾಸ್ತುಶಿಲ್ಪಿಯ ನಮ್ಮ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಕೂಡ ಇದೆ.

ನಮ್ಮಲ್ಲಿ ವಯಸ್ಸಿನ ಅಳತೆಗೋಲು ಏನು ಮಾಡುತ್ತದೆ ಅನ್ನೋದಕ್ಕೆ ದೆಹಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಸಾಕ್ಷಿ. ಅದು ಗುಡಿಯಲ್ಲ, ವಸ್ತುಪ್ರದರ್ಶನದ ಕಟ್ಟಡ. ರಾಜ್ ರೇವಾಲ್ ವಿನ್ಯಾಸ, 1972ರದ್ದು. ಉಳಿಸಿ ಅಂತ ದೇಶವಿದೇಶದ ವಾಸ್ತುಶಿಲ್ಪಿಗಳು ಕೇಳಿಕೊಂಡರು. ಅರವತ್ತು ವರ್ಷ ದಾಟಿದ ಕಟ್ಟಡಗಳನ್ನು ಮಾತ್ರ ಪರಿಗಣಿಸುತ್ತೇವೆ ಅಂತ ದೆಹಲಿಯ ಪಾರಂಪರಿಕ ಸಮಿತಿ ಹೇಳಿತು. 2017ರ ಏಪ್ರಿಲ್‌ನಲ್ಲಿ ಕಟ್ಟಡ ನೆಲಸಮವಾಯಿತು. ಇನ್ನು ದೆಹಲಿಯ ಲೋಟಸ್ ಟೆಂಪಲ್ ನೋಡಿ. 1986ರ ಬಹಾಯಿ ಮಂದಿರ, ಅಮೃತಶಿಲೆ ಹೊದಿಸಿದ 27 ದಳ. ಭಾರತದ ಸ್ಮಾರಕ ಕಾಯ್ದೆಯ ಪ್ರಕಾರ ಅದಕ್ಕಿನ್ನೂ ಎಳೇ ವಯಸ್ಸು. ಆದರೆ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಅದರ ಹೆಸರಿದೆ!

ಇಷ್ಟು ಓದಿ ‘ಹಾಗಾದರೆ ವಯಸ್ಸಿನ ಮಿತಿ ಇಳಿಸಿಬಿಟ್ಟರೆ ಆಯ್ತಲ್ಲ’ ಅನ್ನಿಸಬಹುದು. ಅಷ್ಟು ಸುಲಭ ಇಲ್ಲ. ಯಾಕೆಂದರೆ ದೇವರ ಮನೆಗೆ ಇಬ್ಬರು ವಾರಸುದಾರರು. ದಿನಾ ದೀಪ ಹಚ್ಚುವವರು ಒಬ್ಬರು, ದೂರದಿಂದ ನೋಡಿ ಹೆಮ್ಮೆಪಡುವವರು ಇನ್ನೊಬ್ಬರು.

ನಮ್ಮ ನೆಂಟರ ಊರೊಂದರಲ್ಲಿ ಹಳೆ ದೇವಸ್ಥಾನ ಕೆಡವಿ ಹೊಸದು ಕಟ್ಟುವ ಮಾತು ಬಂದಿತ್ತು. ಕಲ್ಲಿನ ಕಂಬ, ಗಾರೆ ಗೋಡೆ, ಮಳೆಗಾಲದಲ್ಲಿ ಗರ್ಭಗುಡಿಗೇ ನೀರು. ರಿಪೇರಿ ಮಾಡಿಸಿ, ಕೆಡವಬೇಡಿ ಅಂತ ನಾನು ಅಂದೆ. ನಮ್ಮ ದೊಡ್ಡಪ್ಪ ಸಿಟ್ಟಾಗಲಿಲ್ಲ, ನಕ್ಕರು. ‘ನೀನು ವರ್ಷಕ್ಕೊಂದ್ಸಲ ಜಾತ್ರೆಗೆ ಬಂದು ಫೋಟೊ ತಗೀತೀಯ ಕಣಪ್ಪ. ಬೆಳಗ್ಗೆ ಎದ್ದು ನೀರು ತೋಡಿ ಹಾಕೋನು ಪೂಜಾರಿ. ಅವನನ್ನ ಕೇಳಿದ್ಯಾ?’ ಅಂದರು. ಅದಕ್ಕೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಕೊನೆಗೆ ಅವರು ಹಳೆ ಕಂಬಗಳನ್ನು ಉಳಿಸಿಕೊಂಡು ಮೇಲ್ಛಾವಣಿ ಮಾತ್ರ ಹೊಸದು ಹಾಕಿದರು. ಗೋಡೆಗೆ ಟೈಲ್ಸ್ ಬಂತು, ಕಂಬಗಳಿಗೆ ಹೊಳೆಯುವ ಪೇಂಟು ಬಂತು. ಅರ್ಧ ಅವರ ಮಾತು, ಅರ್ಧ ನನ್ನ ಮಾತು.

ದೊಡ್ಡಪ್ಪನ ಪ್ರಶ್ನೆಯೇ ಅಮೆರಿಕದಲ್ಲಿ ದೊಡ್ಡ ಕೇಸಾಗಿತ್ತು. ವಾಷಿಂಗ್ಟನ್‌ನಲ್ಲಿ, ಶ್ವೇತಭವನಕ್ಕೆ ಕೂಗಳತೆ ದೂರದಲ್ಲಿ, ಥರ್ಡ್ ಚರ್ಚ್ ಆಫ್ ಕ್ರೈಸ್ಟ್ ಸೈಂಟಿಸ್ಟ್ ಅಂತ ಒಂದು ಚರ್ಚು ಇತ್ತು. 1971ರಲ್ಲಿ ಮುಗಿದದ್ದು. ಐ.ಎಂ. ಪೈ ಸಂಸ್ಥೆಯ ಅರಾಲ್ಡೊ ಕೊಸುಟ್ಟಾ ಅದರ ವಾಸ್ತುಶಿಲ್ಪಿ. ಎಂಟು ಮೂಲೆಯ ಬರೀ ಕಾಂಕ್ರೀಟಿನ ಕಟ್ಟಡ, ಕಿಟಕಿಗಳೇ ಕಡಿಮೆ, ಹೊರಗಿನಿಂದ ಕೋಟೆಯ ಬುರುಜಿನ ಹಾಗೆ. 2007ರ ಡಿಸೆಂಬರ್‌ನಲ್ಲಿ ನಗರದ ಪರಂಪರೆ ಮಂಡಳಿ ಅದನ್ನು ಐತಿಹಾಸಿಕ ಕಟ್ಟಡ ಅಂತ ಘೋಷಿಸಿತು. ಬೇಡ ಅಂದವರು ಯಾರು ಗೊತ್ತೆ? ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಭಕ್ತರೇ! ಭಕ್ತರ ಸಂಖ್ಯೆ ಕಡಿಮೆಯಾಗಿತ್ತು, ಕಟ್ಟಡ ಬಿಸಿಯಾಗಿಡುವ ಖರ್ಚು ಜಾಸ್ತಿ, ಬಲ್ಬು ಬದಲಿಸಬೇಕಾದರೂ ಸಾರುವೆ ಕಟ್ಟಬೇಕಿತ್ತು. ನಮ್ಮ ಧಾರ್ಮಿಕ ಸ್ವಾತಂತ್ರ್ಯಕ್ಕೆ ಇದು ಅಡ್ಡಿ ಅಂತ ಅವರು 2008ರಲ್ಲಿ ಕೋರ್ಟಿಗೆ ಹೋದರು. 2009ರ ಮೇ ತಿಂಗಳಲ್ಲಿ ನಗರದ ಅಧಿಕಾರಿ ಕೆಡವಲು ಒಪ್ಪಿಗೆ ಕೊಟ್ಟರು. 2014ರಲ್ಲಿ ಕಟ್ಟಡ ಹೋಯಿತು.

ಇದರಲ್ಲಿ ತಪ್ಪು ಯಾರದು? ಒಂದು ಕಾಲದ ದಿಟ್ಟ ಕಟ್ಟಡವೊಂದು ಹೋಯಿತು ಅಂತ ಬೇಜಾರಾಗುತ್ತದೆ. ಅದೇ ಹೊತ್ತಿಗೆ, ಖರ್ಚು ಕೊಡದೆ ‘ಉಳಿಸ್ಕೊಳ್ಳಿ’ ಅಂತ ಬರೀ ಆದೇಶ ಕೊಡೋದು ಯಾವ ನ್ಯಾಯ ಅಂತಲೂ ಅನ್ನಿಸುತ್ತದೆ. ರಕ್ಷಣೆ ಅಂದರೆ ಬೋರ್ಡು ನೆಡುವುದಲ್ಲ. ಮೈಸೂರಿನಲ್ಲೇ ನೋಡಿದ್ದೇವಲ್ಲ. ‘ಪಾರಂಪರಿಕ’ ಅಂತ ಎಲ್ಲರೂ ಒಪ್ಪಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹೆಸರು ಗೋಡೆಯನ್ನು ನಿಲ್ಲಿಸಲ್ಲ. ಗಾರೆ ಕೆಲಸದವರು, ದುಡ್ಡು, ಪ್ರತಿ ಮಳೆಗಾಲಕ್ಕೂ ಮುಂಚೆ ಮಾಡು ಹತ್ತಿ ನೋಡುವವರು, ಇವರು ನಿಲ್ಲಿಸುತ್ತಾರೆ.

ಹಾಗಾದರೆ ನಡುವಿನ ದಾರಿ ಯಾವುದು? ಇಂಗ್ಲೆಂಡಿನವರು ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅಲ್ಲಿ ಪಟ್ಟಿ ಸೇರಿದ ಚರ್ಚುಗಳಲ್ಲಿ ಬದಲಾವಣೆ ಬೇಕಾದರೆ, ಕೆಲವು ಪಂಗಡಗಳು ತಮ್ಮದೇ ಸಮಿತಿಯ ಮುಂದೆ ಅರ್ಜಿ ಹಾಕುತ್ತವೆ. ಆ ಸಮಿತಿ ಸರ್ಕಾರದಷ್ಟೇ ಕಟ್ಟುನಿಟ್ಟಾಗಿ ಪರಿಶೀಲಿಸಬೇಕು ಅನ್ನೋದು ಷರತ್ತು. ಪೂಜೆ ಗೊತ್ತಿರುವವರೂ ಕಟ್ಟಡ ಗೊತ್ತಿರುವವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ನಮ್ಮ 1958ರ ಕಾಯ್ದೆಯಲ್ಲೂ ಇದರ ಬೀಜ ಇದೆ. ಸಂರಕ್ಷಿತ ಸ್ಮಾರಕ ಪೂಜಾಸ್ಥಳವಾಗಿದ್ದರೆ ಅದರ ಸ್ವರೂಪಕ್ಕೆ ಒಪ್ಪದ ಕೆಲಸಕ್ಕೆ ಬಳಸಬಾರದು, ಅಪವಿತ್ರವಾಗದಂತೆ ನೋಡಿಕೊಳ್ಳಬೇಕು ಅಂತ 16ನೇ ಕಲಮು ಹೇಳುತ್ತದೆ. ಘೋಷಣೆಗೆ ಮುಂಚೆ ಎರಡು ತಿಂಗಳ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಅಂದರೆ ದೊಡ್ಡಪ್ಪನಂಥವರ ಮಾತಿಗೆ ಕಾನೂನಿನಲ್ಲಿ ಜಾಗ ಇದೆ.

ಆದರೆ ಒಂದು ಎಚ್ಚರ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ಹಳ್ಳಿಯ ಗುಡಿಗೋ ಅಶೋಕ ರಸ್ತೆಯಂಥ ಜನ ತುಂಬಿದ ಬೀದಿಯ ಚರ್ಚಿಗೋ ಇದೇ ನಿಯಮ ಹಾಕಿದರೆ ಸುತ್ತಲಿನ ಮನೆಯವರೇ ಮೊದಲ ವಿರೋಧಿಗಳಾಗುತ್ತಾರೆ. ಹಾಗಾಗಿ ಇಪ್ಪತ್ತನೇ ಶತಮಾನದ ಗುಡಿ, ಚರ್ಚು, ಮಸೀದಿ, ಬಸದಿ, ಮಠಗಳಿಗೆ ಬೇರೆಯದೇ ಒಂದು ಹಗುರ ರಕ್ಷಣೆ ಬೇಕು ಅನ್ನೋದು ನನ್ನ ಅಭಿಪ್ರಾಯ. ಐವತ್ತು ವರ್ಷ ದಾಟಿದ್ದರೆ ಸಾಕು. ಕೆಡವುವ ಮುಂಚೆ ಒಂದು ಅರ್ಜಿ, ಒಂದು ತಜ್ಞರ ಭೇಟಿ, ರಿಪೇರಿಗೆ ಒಂದಿಷ್ಟು ಸಹಾಯಧನ. ನಮ್ಮ ಕೆಲಸದಲ್ಲೂ ಹಾಗೇ. ಹಳೆ ಕೋಡು ಅಂದಾಕ್ಷಣ ಅಳಿಸಿ ಹಾಕಲ್ಲ. ಅದು ಏನು ಮಾಡ್ತಿದೆ, ಯಾರು ಬಳಸ್ತಿದ್ದಾರೆ ಅಂತ ನೋಡಿ, ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಕೈ ಹಾಕ್ತೀವಿ.

ಫಿಲೋಮಿನಾ ಚರ್ಚು ಕಲೋನ್‌ನ ನಕಲು ತಾನೆ, ಅದಕ್ಯಾಕೆ ಇಷ್ಟು ಮಾತು ಅನ್ನುವವರಿದ್ದಾರೆ. ರೂಪ ಅಲ್ಲಿಂದ ಬಂದಿರಬಹುದು. ಆದರೆ ಹಿಂದೂ ಅರಸರು ಅಡಿಗಲ್ಲು ಹಾಕಿ, ಫ್ರೆಂಚ್ ವಾಸ್ತುಶಿಲ್ಪಿ ನಕ್ಷೆ ಬರೆದು, ಕುದೇರಿನ ಲಿಂಗ ಕಟ್ಟಿದ ಅಜ್ಜಿಯೊಬ್ಬರು ಒಳಗೆ ಕೂತು ‘ತಣ್ಣಗದ’ ಅನ್ನುವ ಕಟ್ಟಡ ಜರ್ಮನಿಯಲ್ಲಿಲ್ಲ. ಅದು ಮೈಸೂರು ಸೀಮೆಯದೇ.

2033ಕ್ಕೆ ಇನ್ನೂ ಸಮಯ ಇದೆ. ಅಲ್ಲಿಯವರೆಗೆ ಸರ್ಕಾರಕ್ಕಾಗಿ ಕಾಯದೆ ನಾವೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮೂರಿನಲ್ಲಿ ಅಜ್ಜ ಅಜ್ಜಿಯರ ಕಾಲದಲ್ಲಿ ಕಟ್ಟಿದ ಗುಡಿಯೋ ಮಠವೋ ಚರ್ಚೋ ದರ್ಗಾವೋ ಇದ್ದರೆ, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಯಾವ ವರ್ಷ ಕಟ್ಟಿದ್ದು, ಕಲ್ಲು ಎಲ್ಲಿಂದ ಬಂತು, ಗಾರೆ ಅರೆದವರು ಯಾರು, ದುಡ್ಡು ಕೊಟ್ಟವರು ಯಾರು ಅಂತ ಹಿರಿಯರನ್ನು ಕೇಳಿ ಬರೆದಿಡಿ. ಆ ಪಟ್ಟಿಯಲ್ಲಿ ಪೂಜಾರಿಯ ಕಷ್ಟಕ್ಕೂ ಒಂದು ಸಾಲು ಇರಲಿ. ಎಲ್ಲಿ ಸೋರುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ. ನಾಳೆ ಉಳಿಸುವ ಮಾತು ಬಂದಾಗ ಆ ಕಾಗದ ಬೇಕಾಗುತ್ತದೆ. ಕೆಡವುವ ಮಾತು ಬಂದರಂತೂ ಇನ್ನೂ ಬೇಕಾಗುತ್ತದೆ.