ಸೊಂಟ ನೋವಿದ್ದರೆ ಯೋಗ ಬಿಡಬೇಕೇ?

ಪ್ರಶ್ನೆ: ಬೆಳಗ್ಗೆ ಎದ್ದ ಕೂಡಲೇ ಪಾದಹಸ್ತಾಸನ ಮಾಡಿದರೆ ನನ್ನ ಸೊಂಟ ನೋವು ಹೆಚ್ಚಾಗುತ್ತದೆ. ಯೋಗ ನಿಲ್ಲಿಸಿಬಿಡಲೇ?

ಉತ್ತರ: ಯೋಗ ಬಿಡಬೇಡಿ; ಸದ್ಯಕ್ಕೆ ಆ ಆಸನವನ್ನು ಬಿಡಿ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಒಂದು ಗಂಟೆಯಲ್ಲಿ ಪಾದಹಸ್ತಾಸನದಂತೆ ಪೂರ್ತಿ ಮುಂದಕ್ಕೆ ಬಾಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಸ್ವಲ್ಪ ಓಡಾಡಿ, ಮೈ ಸಡಿಲವಾದ ಮೇಲೆ ಶುರು ಮಾಡಿ.

ನಾನು ಮೊದಲು ಹೇಳುವುದು ಮಾರ್ಜಾಲಾಸನ. ಅಂಗೈ, ಮಂಡಿ ನೆಲಕ್ಕೂರಿ. ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಬಾಗಿಸಿ, ಎಳೆದುಕೊಳ್ಳುತ್ತಾ ಹೊಟ್ಟೆಯನ್ನು ಮೆಲ್ಲಗೆ ಇಳಿಬಿಡಿ. ನೋವು ಶುರುವಾಗುವ ಮುಂಚೆಯೇ ನಿಲ್ಲಿಸಿ. ಆಮೇಲೆ, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವ ಸೇತುಬಂಧಾಸನ; ಸೊಂಟದಡಿ ಗಟ್ಟಿ ದಿಂಬು ಇಟ್ಟುಕೊಳ್ಳಲು ಸಂಕೋಚ ಬೇಡ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರೇ ಹಗ್ಗ, ಬೆಲ್ಟು, ಮರದ ತುಂಡುಗಳ ಆಸರೆಯಿಂದ ಆಸನ ಕಲಿಸಿದರು.

ಅಮೆರಿಕದ ವೈದ್ಯರ ಸಂಘಟನೆಯೊಂದು 2017ರಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಔಷಧಿಗಿಂತ ಮೊದಲು ಪ್ರಯತ್ನಿಸಬಹುದಾದ ಕ್ರಮಗಳಲ್ಲಿ ಯೋಗವನ್ನೂ ಸೇರಿಸಿತು.

ನೋವು ಕಾಲಿಗೆ ಇಳಿದು ಜೋಮು ಹಿಡಿದರೆ, ಜ್ವರವಿದ್ದರೆ, ಬಿದ್ದ ಮೇಲೆ ಶುರುವಾದ ನೋವಾದರೆ ಮೊದಲು ವೈದ್ಯರನ್ನು ಕಾಣಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.